ಗುಂಗುರು ಹತ್ತದ ಶನಿವಾರ

"ನೀನು ಬರದ ದಿನ ಈ ಕೌಂಟರು ತೆರೆದಿದ್ದರೂ ಮುಚ್ಚಿದ ಹಾಗೇ ಇರುತ್ತೆ."

ಲೈಬ್ರರಿ ವ್ಯಾನಿನ ಹಿಂಭಾಗದಲ್ಲಿ, ಪುಸ್ತಕದ ಕಪಾಟುಗಳ ನಡುವೆ, ಗಂಡಸಿನ ದನಿಯೊಂದು ಹೀಗೆ ಹೇಳಿದ್ದು ಡ್ರೈವರನ ಕಿವಿಗೆ ಬಿತ್ತು. ಹಿಂದೆಯೇ ಹೆಣ್ಣಿನ ನಗು. ಆ ನಗು ಅವನ ಹೆಂಡತಿಯದು. ರಸ್ತೆ ಖಾಲಿಯಿದ್ದರೂ ಅವನ ಕಾಲು ಬ್ರೇಕಿನ ಮೇಲೆ ಬಿತ್ತು. ಮೇಲಿನ ಸಾಲಿನ ಪುಸ್ತಕಗಳು ದಬದಬ ಉದುರಿದವು.

ಏನಾಯ್ತ್ರೀ ಅಂತ ಅವಳು ಕೇಳಿದ್ದಕ್ಕೆ, ನಾಯಿ ಅಡ್ಡ ಬಂತು ಅಂದ.

ಅದು ಬರೀ ನಾಟಕದ ಮಾತು ಅಂತ ರಾತ್ರಿ ಊಟಕ್ಕೆ ಕೂತಾಗ ಅವಳೇ ಹೇಳಿದಳು. ಗೊತ್ತಾದ ಮೇಲೂ ಹೊಟ್ಟೆಯೊಳಗೆ ಹತ್ತಿಕೊಂಡ ಉರಿ ಆರಲಿಲ್ಲ.

ಮದುವೆಯ ಗಡಿಬಿಡಿಯಲ್ಲಿ ನಿಂತುಹೋದ ಓದನ್ನು ಮತ್ತೆ ಶುರುಮಾಡು ಅಂತ ಹೆಂಡತಿಗೆ ಹುರುಪು ತುಂಬಿದವನು ಅವನೇ. ಅವಳು ಲೈಬ್ರರಿ ಕೋರ್ಸಿಗೆ ಸೇರಿದ ದಿನ ಆಫೀಸಿನಲ್ಲಿ ಎಲ್ಲರಿಗೂ ಸ್ವೀಟು ಹಂಚಿದ್ದ. ಆದರೆ ಕೊನೆಯ ಪ್ರಾಜೆಕ್ಟನ್ನು ಇಬ್ಬಿಬ್ಬರು ಸೇರಿ ಮಾಡಬೇಕು, ಅವಳ ಜೊತೆಗೆ ಬರುವವನು ಹೀಗಿರುತ್ತಾನೆ ಅಂತ ಯಾರಿಗೆ ಗೊತ್ತಿತ್ತು? ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ಚಿಕ್ಕವನು, ಉದ್ದ ಬೆರಳು, ಮಾತೆತ್ತಿದರೆ ನಗಿಸುವ ಬಾಯಿ, ತಲೆತುಂಬ ಗುಂಗುರು ಕೂದಲು. ಕ್ಲಾಸಿನಲ್ಲಿ ಎಲ್ಲರೂ ಕರೆಯುವ ಹಾಗೆ ಅವಳೂ ಅವನನ್ನು ಗುಂಗುರು ಅಂತಲೇ ಕರೆಯುತ್ತಿದ್ದಳು.

ಪ್ರತಿ ಶನಿವಾರ ವ್ಯಾನು ಪ್ಯಾಕಿಂಗ್ ಫ್ಯಾಕ್ಟರಿಯ ಹಿಂದಿನ ಕ್ವಾರ್ಟರ್ಸಿನ ಮುಂದೆ ನಿಲ್ಲುತ್ತಿತ್ತು. ಚಿಕ್ಕ ಮಕ್ಕಳು ಮುಗಿಬೀಳುತ್ತಿದ್ದರು. ಮೀಸೆ ಚಿಗುರಿದ ಹುಡುಗರು, ಎತ್ತರಕ್ಕೆ ಬೆಳೆದ ಹುಡುಗಿಯರು ಮಾತ್ರ ಕಾಂಪೌಂಡ್ ಗೋಡೆಯ ಮೇಲೆ ಫೋನು ಹಿಡಿದು ಕೂತಿರುತ್ತಿದ್ದರು. ಅವರನ್ನು ಗೋಡೆಯಿಂದ ಕೆಳಗಿಳಿಸುವುದೇ ಇವರಿಬ್ಬರ ಪ್ರಾಜೆಕ್ಟು. ಹೋಗಿ ಕೇಳಿದರೆ, ಬಾಯಿ ಮುಚ್ಚಿಕೊಂಡು ಓದೋದು ಶಾಲೆಯಲ್ಲೇ ಸಾಕಾಗಿದೆ ಅಂದಿದ್ದರು. ಹಾಗಾದರೆ ಬಾಯಿ ಬಿಟ್ಟೇ ಓದಲಿ ಅಂತ ಇವರು ಯೋಚಿಸಿದರು. ವ್ಯಾನಿನ ಪಕ್ಕ ಕುರ್ಚಿ ಹಾಕಿ, ಜೋಡಿ ಜೋಡಿಯಾಗಿ ಪುಟ್ಟ ನಾಟಕ ಓದಿಸುವುದು. ಇಷ್ಟಬಂದವರು ಮುಂದಿನ ದೃಶ್ಯ ತಾವೇ ಬರೆಯುವುದು. ಮೊದಲು ಓದಿ ತೋರಿಸಲು ತಾವೇ ಒಂದು ಬರೆದರು. ಬಸ್ ಸ್ಟ್ಯಾಂಡಿನ ಟಿಕೆಟ್ ಗುಮಾಸ್ತ, ದಿನಾ ಟಿಕೆಟ್ ಕೊಂಡು ಎಲ್ಲಿಗೂ ಹೋಗದ ಒಬ್ಬ ಹುಡುಗಿ. ಗುಮಾಸ್ತ ಗುಂಗುರು. ಹುಡುಗಿ ಇವಳು.

ಅವರು ಅಭ್ಯಾಸ ಮಾಡುತ್ತಿದ್ದದ್ದು ಓಡುವ ವ್ಯಾನಿನಲ್ಲೇ. ಡ್ರೈವರನ ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಕನ್ನಡಿಯ ಮೇಲೆ. ಕನ್ನಡಿಯಲ್ಲಿ ಅವಳು ಪೆನ್ಸಿಲನ್ನು ಹಲ್ಲಿನಲ್ಲಿ ಕಚ್ಚಿ, ಕೂದಲನ್ನು ಕಿವಿಯ ಹಿಂದೆ ಸರಿಸಿ, ಗುಂಗುರಿನ ಮುಂದಿನ ಮಾತಿಗೆ ಕಾಯುತ್ತಾ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ತುಟಿಯ ಒಂದು ತುದಿ ಮಾತ್ರ ನಗುತ್ತಿತ್ತು. ಮದುವೆಯ ಹೊಸದರಲ್ಲಿ ಆ ನೋಟ ಅವನ ಪಾಲಿಗಿತ್ತು.

ಅದಕ್ಕಿಂತ ಚುಚ್ಚುತ್ತಿದ್ದದ್ದು ಇನ್ನೊಂದು. ಗುಂಗುರಿಗೆ ಅವಳು "ಲೋ ಕತ್ತೆ, ಸರಿಯಾಗಿ ಓದೋ" ಅನ್ನುತ್ತಿದ್ದಳು. ಗಂಡನಿಗೆ ಮಾತ್ರ ರೀ, ಬನ್ನಿ, ಹೋಗಿ. ಮರ್ಯಾದೆ ಕೂಡ ಇಷ್ಟು ಕಹಿಯಾಗಿರಬಹುದು ಅಂತ ಅವನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಶನಿವಾರ ಬಂದರೆ ಅವನು ಶರ್ಟಿಗೆ ಎರಡೆರಡು ಸಲ ಇಸ್ತ್ರಿ ಹಾಕತೊಡಗಿದ. ಒಂದು ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಒದ್ದೆ ಕೂದಲನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಾಗ ಅಡುಗೆಮನೆಯಿಂದ ಅವನ ಅಮ್ಮ ಸುಮ್ಮನೆ ನೋಡಿದರು. ಗುಂಗುರು ಒಂದೆರಡು ಸಲ ಮನೆಗೆ ಬಂದು ಟೀ ಕುಡಿದು ಹೋಗಿದ್ದ.

"ಆ ಕೂದಲು ಹಂಗೆಲ್ಲ ಸುರುಳಿ ಆಗಲ್ಲಪ್ಪ," ಅಂದರು. "ನಿಮ್ಮಪ್ಪಂದೂ ನೆಟ್ಟಗೇ ಇತ್ತು."

ಪ್ರಾಜೆಕ್ಟ್ ನೋಡಿ ಮಾರ್ಕ್ಸ್ ಹಾಕಲು ಕಾಲೇಜಿನ ಮೇಡಂ ಬರುವ ಶನಿವಾರ ಬಂತು. ಗುಂಗುರು ಎಂದಿನಂತೆ ಸೇತುವೆಯ ಹತ್ತಿರ ಹತ್ತಬೇಕಿತ್ತು. ಹೆಂಡತಿ ಹಿಂದೆ ಬಗ್ಗಿ ಕುರ್ಚಿಗಳನ್ನು ಹಗ್ಗದಿಂದ ಕಟ್ಟುತ್ತಿದ್ದಳು. ಗುಂಗುರು ಕೈ ಎತ್ತಿ ಓಡಿ ಬರುತ್ತಿರುವುದು ಡ್ರೈವರನಿಗೆ ಕಂಡಿತು. ಕಣ್ಣಿಗೆ ಕಣ್ಣು ಕೂಡಿತು ಕೂಡ. ಅವನು ವ್ಯಾನು ನಿಲ್ಲಿಸಲಿಲ್ಲ.

"ಗುಂಗುರು ಎಲ್ಲಿ?" ಅಂತ ಅವಳು ತಲೆ ಎತ್ತುವಷ್ಟರಲ್ಲಿ ಸೇತುವೆ ದಾಟಿತ್ತು. ಅಲ್ಲಿ ಇರಲಿಲ್ಲ ಅಂದುಬಿಟ್ಟ.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಗುಂಗುರಿನದೇ; ಕೈಯಲ್ಲಿ ಹಗ್ಗವಿದ್ದುದರಿಂದ ಅವಳು ಸ್ಪೀಕರಿಗೆ ಹಾಕಿದಳು. ಈಗ ನನ್ನ ಕಥೆ ಮುಗಿಯಿತು ಅಂತ ಡ್ರೈವರ್ ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದ. ಆದರೆ ಫೋನಿನಿಂದ ಕೇಳಿದ ಮಾತೇ ಬೇರೆ: "ನಾನೇ ಲೇಟಾದೆ. ಅಣ್ಣ ಏನು ಮಾಡ್ತಾರೆ ಪಾಪ. ನೀನು ಶುರು ಮಾಡಿರು, ನಾನು ಬಸ್ಸು ಹಿಡಿದು ಬರ್ತೀನಿ."

ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಕ್ವಾರ್ಟರ್ಸಿನಲ್ಲಿ ಮೇಡಂ ಆಗಲೇ ಬಂದು ಕೂತಿದ್ದರು. ಗೋಡೆಯ ಮೇಲಿನವರು ಗೋಡೆಯ ಮೇಲೇ ಇದ್ದರು. ಅವಳು ಕೈಯಲ್ಲಿ ಹಾಳೆ ಹಿಡಿದು ಸ್ವಲ್ಪ ಹೊತ್ತು ರಸ್ತೆ ನೋಡಿದಳು. ಬೇರೆ ದಾರಿ ಕಾಣದೆ ಗಂಡನ ಕಡೆ ತಿರುಗಿ, ಗುಮಾಸ್ತನ ಪಾರ್ಟು ನೀವು ಓದಿ ಅಂದಳು.

ಅವನು ಹಾಳೆ ತೆಗೆದುಕೊಂಡ. ಅಕ್ಷರ ಅಕ್ಷರ ಕೂಡಿಸಿ, ಸಂತೆಯಲ್ಲಿ ಕೂಗುವವನ ಹಾಗೆ ಓದಿದ. "ನೀನು ಬರದ ದಿನ ಈ ಕೌಂಟರು, ನಾಚಿಕೊಂಡು ತಲೆ ಕೆರೆಯುತ್ತಾ, ತೆರೆದಿದ್ದರೂ..."

ಗೋಡೆಯ ಮೇಲೆ ನಗು ಸಿಡಿಯಿತು. ಎರಡು ಜಡೆಯ ಹುಡುಗಿಯೊಬ್ಬಳು ಕೆಳಗೆ ಹಾರಿ ಬಂದಳು. "ಅಂಕಲ್, ನಾಚಿಕೊಂಡು ಅನ್ನೋದು ಓದೋದಲ್ಲ, ಮಾಡೋದು" ಅಂತ ಹಾಳೆ ಕಿತ್ತುಕೊಂಡಳು. ಇಷ್ಟು ಕೆಟ್ಟದಾಗಿ ಓದಿದರೂ ನಡೆಯುತ್ತೆ ಅಂತ ಉಳಿದವರಿಗೂ ಧೈರ್ಯ ಬಂತು. ಒಬ್ಬೊಬ್ಬರೇ ಇಳಿದರು. ಕುರ್ಚಿ ಸಾಲದೆ ಕೆಲವರು ನೆಲದ ಮೇಲೆ ಕೂತರು. ಎರಡನೇ ದೃಶ್ಯ ಅಲ್ಲೇ ಬರೆದು, ಜಗಳವಾಡಿ, ಅಳಿಸಿ ಮತ್ತೆ ಬರೆದರು.

ಬೆವರು ಸುರಿಸುತ್ತಾ ಗುಂಗುರು ಬಂದು ತಲುಪಿದಾಗ ಎಲ್ಲಾ ಮುಗಿದಿತ್ತು. ಪ್ರಾಜೆಕ್ಟು ಚೆನ್ನಾಗಿದೆ, ಆದರೆ ಬಾರದವನಿಗೆ ಮಾರ್ಕ್ಸ್ ಇಲ್ಲ ಅಂತ ಹೇಳಿ ಮೇಡಂ ಹೊರಟುಹೋದರು. ಗುಂಗುರು ಆಗಲೂ ಬಾಯಿ ಬಿಡಲಿಲ್ಲ.

ಸಂಜೆ ಲೈಬ್ರರಿಯ ಶೆಡ್ಡಿನಲ್ಲಿ ಕುರ್ಚಿ ಇಳಿಸುವಾಗ ಡ್ರೈವರ್ ಹೆಂಡತಿಗೆ ಎಲ್ಲ ಹೇಳಿಬಿಟ್ಟ. ಅವಳು ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟಳು.

"ನಿನಗೆ ಬುದ್ಧಿ ಇದೆಯಾ? ಅವನ ಒಂದು ವರ್ಷದ ಓದು ಅದು."

ಮದುವೆಯಾದ ಮೇಲೆ ಅವಳು ಮೊದಲ ಸಲ ನೀನು ಅಂದಿದ್ದಳು. ಬೈಗುಳದ ನಡುವೆಯೂ ಅವನ ಎದೆಯಲ್ಲಿ ಏನೋ ತಣ್ಣಗಾಯಿತು. ಮರುಕ್ಷಣವೇ ಆ ಸಂತೋಷಕ್ಕೆ ನಾಚಿಕೆಯಾಯಿತು.

"ನಾನು ಅವನ ಜೊತೆ ಓಡಿಹೋಗ್ತೀನಿ ಅಂದ್ಕೊಂಡ್ರಾ?"

"ಇಲ್ಲ," ಅಂದ ಅವನು. "ನಗೋದೆಲ್ಲ ಅಲ್ಲೇ ನಕ್ಕು ಮುಗಿಸಿ ಬರ್ತೀಯ. ಮನೆಗೆ ಬಂದ್ರೆ ಸುಸ್ತು ಅಂತೀಯ. ಅದೇ ತಡೆಯೋಕಾಗಲಿಲ್ಲ."

ಅವಳು ಕೆಳಗಿಟ್ಟ ಕುರ್ಚಿಯನ್ನು ಎತ್ತಿ ಗೋಡೆಗೆ ಒರಗಿಸಿದಳು. ಆಮೇಲೆ ಸಿಟ್ಟು ಇಳಿಯದ ದನಿಯಲ್ಲೇ ಹೇಳಿದಳು. "ಸುಸ್ತು ಅಂದ ತಕ್ಷಣ ಮಲ್ಕೋ ಅಂತ ಲೈಟು ಆರಿಸಿ ಹೋಗೋದು ಯಾರು? ಯಾರು ಏನಂದ್ರು, ನೀನೇನು ಬರೆದೆ ಅಂತ ಒಂದು ದಿನ ಕೇಳಿದ್ದೀರಾ? ಕೇಳ್ತೀರೇನೋ ಅಂತ ನಾನು ಕಾದಿದ್ದೆಷ್ಟು ಗೊತ್ತಾ?"

ಅವನು ಉಳಿದ ಕುರ್ಚಿಗಳನ್ನು ಒಂದೊಂದಾಗಿ ಇಳಿಸಿದ.

ಸೋಮವಾರ ಅವನೇ ಕಾಲೇಜಿಗೆ ಹೋದ. ಹೋಗಿ ಅಂತ ಅವಳು ಹೇಳಿರಲಿಲ್ಲ. ಮನೆಯಲ್ಲಿ ಅವಳು ಏನೂ ಹೇಳುತ್ತಲೇ ಇರಲಿಲ್ಲ. ತಪ್ಪು ಹುಡುಗನದಲ್ಲ, ಕಂಡೂ ಬಿಟ್ಟುಬಂದವನು ನಾನು ಅಂತ ಮೇಡಂ ಮುಂದೆ ನಿಂತು ಹೇಳಿದ. ಯಾಕೆ ಅಂತ ಅವರು ಕನ್ನಡಕ ತೆಗೆದು ಕೇಳಿದರು.

"ಹೊಟ್ಟೆಕಿಚ್ಚು ಮೇಡಂ."

ಮೇಡಂ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಅವರ ಭುಜ ಅಲುಗಿದ್ದು ಅವನಿಗೆ ಕಂಡಿತು. ಇನ್ನೊಂದು ಶನಿವಾರ ಬಂದು ನೋಡಲು ಒಪ್ಪಿದರು. ಗುಂಗುರಿಗೆ ತಪ್ಪಾಯಿತು ಅಂದಾಗ ಅವನು, ಪರವಾಗಿಲ್ಲ ಅಣ್ಣ, ಇನ್ನೊಂದು ಸಲ ನನ್ನನ್ನ ಹಂಗೆ ಓಡಿಸಿದ್ರೆ ಮಾತ್ರ ನಾನು ಬೆವರಲ್ಲೇ ಪೂರ್ತಿ ಕರಗಿ ಹೋಗ್ತೀನಿ ಅಂದ. ನಗಿಸುವ ಬಾಯಿ ಅಂತ ಡ್ರೈವರ್ ಮೊದಲ ಸಲ ಒಪ್ಪಿಕೊಂಡ.

ಆ ಶನಿವಾರ ಸೇತುವೆಯ ಹತ್ತಿರ ಹೊತ್ತಿಗೆ ಮುಂಚೆಯೇ ವ್ಯಾನು ನಿಂತಿತು. ಗೋಡೆ ಖಾಲಿಯಿತ್ತು; ಹುಡುಗರು ಕುರ್ಚಿ ಇಳಿಸಲು ಕಾಯುತ್ತಿದ್ದರು. ಗುಂಗುರು ಓದಿದ, ಅವಳು ಓರೆಗಣ್ಣಿನಲ್ಲಿ ನೋಡಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ದೂರದಲ್ಲಿ ನಿಂತ ಡ್ರೈವರನಿಗೆ ಹೊಟ್ಟೆಯಲ್ಲಿ ಚುರ್ ಅಂದಿತು. ಅದು ಪೂರ್ತಿ ಹೋಗುವಂಥದ್ದಲ್ಲ ಅಂತ ಗೊತ್ತಾಗಿ, ಅವನೂ ಚಪ್ಪಾಳೆ ತಟ್ಟಿದ.

ಗುಂಗುರು ಇಳಿದುಕೊಂಡ ಮೇಲೆ ಅವಳು ಹಿಂದಿನಿಂದ ಎದ್ದು ಬಂದು ಡ್ರೈವರನ ಪಕ್ಕದ ಸೀಟಿನಲ್ಲಿ ಕೂತಳು. ವಾರವಿಡೀ ಮುಚ್ಚಿದ ಬಾಯಿ. ಅವನು ಮೆಲ್ಲಗೆ, ಆ ಎರಡು ಜಡೆ ಹುಡುಗಿ ಇವತ್ತು ಏನು ಬರೆದಳು ಅಂತ ಕೇಳಿದ.

ಅವಳು ಅವನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಹೇಳತೊಡಗಿದಳು. ನಾಟಕದ ಹುಡುಗಿ ಗುಮಾಸ್ತನನ್ನೇ ಬಸ್ಸು ಹತ್ತಿಸಿಬಿಟ್ಟದ್ದು, ಅವನಿಗೆ ವಾಂತಿ ಬಂದದ್ದು, ಟಿಕೆಟ್ ಎಲ್ಲಿ ಅಂತ ಕಂಡಕ್ಟರ್ ಕೇಳಿದಾಗ ಅವನು ಪೆಚ್ಚಾದದ್ದು. ಕಂಡಕ್ಟರನ ಹಾಗೆ, ಗುಮಾಸ್ತನ ಹಾಗೆ ದನಿ ಬದಲಿಸಿ ಹೇಳುತ್ತಾ ಅವಳಿಗೇ ನಗು ತಡೆಯಲಾಗಲಿಲ್ಲ. ಕಣ್ಣಂಚು ಒರೆಸಿಕೊಳ್ಳುತ್ತಾ ಹೊರಗೆ ನೋಡಿದಳು.

"ಅಯ್ಯೋ, ಲೈಬ್ರರಿ ಗೇಟು ದಾಟಿ ಹೋಯ್ತಲ್ರೀ."

"ಗೊತ್ತು," ಅಂದ ಅವನು, ಮುಂದಿನ ತಿರುವಿಗೆ ಗೇರು ಬದಲಿಸುತ್ತಾ. "ನೀನು ಹೇಳು."