ಹೆಂಡತಿಯರ ಪುಟಗಳು

"ನೂರಾ ಹನ್ನೆರಡನೇ ಪುಟ ಎಲ್ಲಿ?"

ಅವಳು ತಲೆ ಎತ್ತದೆಯೇ ಕೇಳಿದಳು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ಅಂಟು ಹಚ್ಚುವುದು, ಬೆನ್ನು ಹೊಲಿಯುವುದು ಅವಳ ಕೆಲಸ. ಗುರುತಿಲ್ಲದವರ ಜೊತೆ ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು!

ಎದುರಿಗಿದ್ದವನು ಅಂಗಿಯ ಜೇಬಿನಿಂದ ಮಡಚಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟ.

"ಹರಿದಿದ್ದು ನಾನೇ. ತಪ್ಪಾಯ್ತು."

"ಯಾಕೆ ಹರಿದ್ರಿ?"

"ಈ ಪುಸ್ತಕದವನು ಮೊದಲ ಸಲ ವೇದಿಕೆ ಹತ್ತಿದಾಗ ಒಬ್ಬರೂ ನಗಲಿಲ್ಲವಂತೆ. ನಂಗೂ ಹಾಗೇ ಆಗಿತ್ತು... ಜೊತೆಗಿರಲಿ ಅನ್ನಿಸ್ತು."

ಅವನು ಸ್ಟ್ಯಾಂಡ್-ಅಪ್ ಕಾಮಿಡಿಯನ್. ಹಗಲು ಲಿಫ್ಟ್ ರಿಪೇರಿ, ಸಂಜೆ ಮೈಕು. ತನ್ನಂತೆ ಮೈಕು ಹಿಡಿದು ಜನರನ್ನು ನಗಿಸಿದವರ ಜೀವನಕಥೆಗಳನ್ನಷ್ಟೇ ಓದುತ್ತಿದ್ದ.

ಅವನು ವಾಪಸ್ ತಂದದ್ದನ್ನೆಲ್ಲ ಅವಳೂ ಓದತೊಡಗಿದಳು. ಎಂಟನೇ ತರಗತಿಗೇ ಶಾಲೆ ಬಿಟ್ಟವಳು. ಸಾಲಿನ ಕೆಳಗೆ ಬೆರಳಿಟ್ಟು, ನಿಧಾನಕ್ಕೆ. ಓದಿದ್ದನ್ನು ಮಾತಾಡಲು ಅವನಿದ್ದ. ಮೂರು ತಿಂಗಳಲ್ಲಿ, ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿಬಿಟ್ಟಳು.

ಅಮ್ಮನಿಗೆ ಮರೆವಿನ ಕಾಯಿಲೆ. ಬೆಳಿಗ್ಗೆ ಎದ್ದ ಕೂಡಲೇ "ಯಾರಮ್ಮ ನೀನು?" ಅನ್ನುತ್ತಾರೆ. "ನಿನ್ನ ಮಗಳು" ಅಂದರೆ, ಹೆತ್ತ ಮಗಳನ್ನೇ ಮರೆತೆನಲ್ಲ ಎಂದು ಮಧ್ಯಾಹ್ನದವರೆಗೂ ಅಳು. ಅದಕ್ಕೇ ಅವಳು ಒಂದು ದಿನ ದರ್ಜಿ, ಒಂದು ದಿನ ನರ್ಸು, ಇನ್ನೊಂದು ದಿನ ಗ್ಯಾಸಿನವಳು!

"ಗ್ಯಾಸಿನವಳು ಅಂದಿದ್ದಕ್ಕೆ, 'ಸಿಲಿಂಡರ್ ಎಲ್ಲಿ, ಕೈ ಬೀಸ್ಕೊಂಡು ಬಂದಿದ್ದೀಯಲ್ಲ' ಅಂತ ಬೈದ್ರು!" ಅಮ್ಮನ ಹಾಗೇ ತೊದಲಿ, ಕತ್ತು ಅಲ್ಲಾಡಿಸಿ ತೋರಿಸಿದಳು.

ಇಬ್ಬರೂ ನಕ್ಕರು. ಆಮೇಲೆ ಇಬ್ಬರ ಕಣ್ಣೂ ತುಂಬಿದವು.

ಒಂದು ಭಾನುವಾರ ಅವನು ತನ್ನ ಕಾರ್ಯಕ್ರಮಕ್ಕೆ ಕರೆದ. "ಇವತ್ತು ನಿಮಗೋಸ್ಕರ ಒಂದು ಹೇಳ್ತೀನಿ. ಬರಲೇಬೇಕು!"

ಹಿಂದಿನ ಸಾಲಿನಲ್ಲಿ ಕೂತಳು. ಅವನು ಮೈಕು ಹಿಡಿದ.

"ನಂಗೊತ್ತಿರೋ ಒಂದು ಮನೆ. ಇರೋದೊಬ್ಬಳೇ ಮಗಳು, ಆದ್ರೆ ತಾಯಿಗೆ ದಿನಾ ಹೊಸಬಳು!"

ಜನ ಬಿದ್ದು ಬಿದ್ದು ನಕ್ಕರು. ಅವನು ಅಮ್ಮನ ದನಿ ತೆಗೆದ. ಅದೇ ತೊದಲು, ಅದೇ ಕತ್ತು... ಅಮ್ಮನನ್ನು ಅವನು ನೋಡಿಯೇ ಇರಲಿಲ್ಲ. ಮಾಡಿ ತೋರಿಸಿದ್ದು ಅವಳೇ!

ಪಕ್ಕದ ಹೆಂಗಸು ನಗು ತಡೆಯಲಾರದೆ ಇವಳ ತೋಳು ಹಿಡಿದುಕೊಂಡಳು. "ಅಯ್ಯೋ, ಆ ಮುದುಕಿ!"

ಅವಳು ತೋಳು ಬಿಡಿಸಿಕೊಂಡು ಎದ್ದು ಹೋದಳು.

ಮರುದಿನ ಅವನು ಮುಖ ಅರಳಿಸಿಕೊಂಡು ಬಂದ. "ಹೇಗಿತ್ತು? ಅಷ್ಟು ನಗು ನಂಗೆ ಯಾವತ್ತೂ ಸಿಕ್ಕಿರಲಿಲ್ಲ! ನಿಮ್ಮ ಭಾರಕ್ಕೆ ಇನ್ನೂರು ಜನ ಹೆಗಲು ಕೊಟ್ಟ ಹಾಗಾಯ್ತು."

"ಅವರು ನಕ್ಕಿದ್ದು ನಮ್ಮಮ್ಮನ್ನ ನೋಡಿ."

"ಹೆಸರು ಹೇಳಲಿಲ್ಲವಲ್ಲ... ಈ ಪುಸ್ತಕದವರೆಲ್ಲ ತಮಗೆ ಬೇಕಾದವರ ಬಗ್ಗೆನೇ ಹೇಳಿದ್ದು. ಪ್ರೀತಿ ಇರೋದಕ್ಕೇ ಹೇಳಿದೆ!"

ಅವಳು ಸೂಜಿ ಕೆಳಗಿಟ್ಟಳು.

"ನೀವು ಇವರು ಸೋತ ಪುಟ ಓದಿದ್ರಿ. ನಾನು ಇವರ ಹೆಂಡತಿಯರ ಪುಟ ಓದಿದೆ. ಒಬ್ಬಳು ತನ್ನ ಹೆರಿಗೆ ನೋವನ್ನ ಗಂಡನ ಜೋಕಾಗಿ ರೇಡಿಯೋದಲ್ಲಿ ಕೇಳಿದ್ಲು. ಇನ್ನೊಬ್ಬಳ ಬಗ್ಗೆ ಇರೋದೇ ಒಂದು ಸಾಲು. 'ಆಮೇಲೆ ಯಾಕೋ ನನ್ನ ಜೊತೆ ಮಾತು ಕಡಿಮೆ ಮಾಡಿದಳು' ಅಂತ. ಯಾಕೆ ಅಂತ ನಂಗೆ ನಿನ್ನೆ ಗೊತ್ತಾಯ್ತು. ಹೋಗಿ."

ಅವನು ಹೋದ.

ಮನೆಯಲ್ಲಿ ಬೆಳಿಗ್ಗೆ ಅಮ್ಮ "ಯಾರಮ್ಮ ನೀನು?" ಅಂದರೆ ದರ್ಜಿಯೂ ಬಾಯಿಗೆ ಬರುತ್ತಿರಲಿಲ್ಲ, ನರ್ಸೂ ಬರುತ್ತಿರಲಿಲ್ಲ. ಆ ನಗುವೇ ಕಿವಿಯಲ್ಲಿ. ಇದ್ದ ಒಂದು ಉಪಾಯವನ್ನೂ ಅವನು ಕದ್ದಿದ್ದ...

ಐದು ವಾರ ಕಳೆದವು. ಒಂದು ದಿನ ಕೌಂಟರಿನ ಅಕ್ಕ ಒಳಗೆ ಬಂದರು.

"ನಿನ್ನ ಕಾಮಿಡಿಯನ್ ಮೊನ್ನೆ ದೊಡ್ಡ ಹಾಲ್‌ನಲ್ಲಿ ಮಕಾಡೆ ಮಲಗಿದ ಕಣೇ!"

"ನನ್ನವನಲ್ಲ ಅಕ್ಕ."

"ಆಯ್ತು ಮಹಾರಾಯ್ತಿ, ಯಾರವನೋ! 'ತಾಯಿ ಕಥೆ ಹೇಳು' ಅಂತ ಜನ ಕೂಗಿದ್ದೇ ಕೂಗಿದ್ದು. 'ಅದು ನನ್ನದಲ್ಲ, ಕೇಳದೆ ತಗೊಂಡಿದ್ದೆ' ಅಂದ. ಮುಂದೆ ಒಂದಕ್ಕೂ ನಗು ಬರಲಿಲ್ಲ. ಶಿಳ್ಳೆ ಹೊಡೆದೇ ಇಳಿಸಿದ್ರು, ಪಾಪ."

ಅವಳ ದಾರ ಗಂಟು ಬಿತ್ತು.

ಅಂದು ಮಧ್ಯಾಹ್ನ ಅವನು ಬಂದ. ಬಾಗಿಲಲ್ಲೇ ನಿಂತ. ಸೊರಗಿದ್ದ.

"ಅದನ್ನ ಇನ್ನು ಹೇಳಲ್ಲ. ಆದ್ರೆ ಅವತ್ತು ನಕ್ಕವರ ತಲೆಯಿಂದ ತೆಗೆಯೋಕಾಗಲ್ಲ. ಗೊತ್ತು."

"ಆಗಲ್ಲ," ಅಂದಳು.

ಅವನು ತಲೆ ತಗ್ಗಿಸಿದ. ಅವಳು ಸ್ಟೂಲು ಅವನ ಕಡೆ ತಳ್ಳಿದಳು.

"ಅಮ್ಮ ನಿನ್ನೆಯಿಂದ 'ಯಾರು ನೀನು' ಅಂತ ಕೇಳೋದನ್ನೂ ಬಿಟ್ಟಿದ್ದಾರೆ. ಸುಮ್ಮನೆ ನೋಡ್ತಾರೆ..."

ಅವನು ಬಾಯಿ ತೆರೆದ. ಏನಾದರೂ ಹೇಳಿ ನಗಿಸುವುದು ಅವನಿಗೆ ಅಭ್ಯಾಸ. ಮುಚ್ಚಿದ. ಅವಳು ಅತ್ತು, ಮೂಗೊರೆಸಿಕೊಂಡು, ಒಂದು ಇಡೀ ಪುಸ್ತಕ ಹೊಲಿದು ಮುಗಿಸುವವರೆಗೂ ಪಕ್ಕದಲ್ಲೇ ಕೂತಿದ್ದ.

"ಇದನ್ನ..."

"ಯಾರಿಗೂ ಹೇಳಲ್ಲ."

"ಹಾಗಾದ್ರೆ ಇನ್ನೊಂದು ಇದೆ." ಅವಳ ದನಿ ಇಳಿಯಿತು. "ಐದು ವಾರ ನಿಮ್ಮನ್ನ ಬೈಕೊಂಡೇ ಬಾಗಿಲು ನೋಡಿದ್ದೀನಿ. ನೀವಂದ್ರೆ... ನಂಗಿಷ್ಟ."

ಅವನ ಕಣ್ಣಂಚು ಒದ್ದೆಯಾಯಿತು.

"ಇದನ್ನ ಒಬ್ಬರಿಗಾದ್ರೂ ಹೇಳದೆ ಇರೋಕಾಗಲ್ಲ... ನಿಮ್ಮಮ್ಮನಿಗೆ ಹೇಳಲಾ?"

"ಅವರಿಗೆ ನೆನಪಿರಲ್ಲ."

"ದಿನಾ ಬಂದು ಹೇಳ್ತೀನಿ."