ಒಂದು ಸೊನ್ನೆ ಕಮ್ಮಿ

ಬೆಳಿಗ್ಗೆ ಹತ್ತೂವರೆಗೆ ಶೀತಲ ಕೋಣೆಯ ಬಾಗಿಲು ತೆಗೆದಾಗ ಮುಖಕ್ಕೆ ಬಡಿದದ್ದು ಬೆಚ್ಚನೆ ಗಾಳಿ. ನಾಲ್ಕು ಕಪಾಟು ಲಸಿಕೆ ಕೆಟ್ಟು ಕೂತಿತ್ತು.

ಹೊರಗೆ ಕಂಪ್ಯೂಟರಿನ ಮುಂದಿದ್ದವಳು ಆಪರೇಟರ್. ಒಳಗೆ ಬಿಸಿಯೇರಿದರೆ ಪರದೆಯ ಮೇಲೆ ಕೆಂಪು ಎಚ್ಚರಿಕೆ ಬರಬೇಕು. ಬರಲೇ ಇಲ್ಲ — ಇದು ಅವಳ ಮಾತು. ಬೆಳಿಗ್ಗೆ ಎಂಟು ಗಂಟೆಗೇ ‘ಎಚ್ಚರಿಕೆ ತೋರಿಸಲಾಗಿದೆ’ — ಇದು ಕಂಪ್ಯೂಟರು ಬರೆದಿಟ್ಟ ದಾಖಲೆ. ಮ್ಯಾನೇಜರ್ ದಾಖಲೆಯನ್ನು ನಂಬಿದರು. ಸಂಜೆಯೊಳಗೆ ಕೆಲಸ ಬಿಡುವ ಪತ್ರ ಟೈಪ್ ಮಾಡಿ ಸಹಿ ಹಾಕು ಎಂದರು.

ಪ್ರೋಗ್ರಾಂ ಬರೆದವನು ಮ್ಯಾನೇಜರರ ಅಳಿಯ. ಆಫೀಸಿನಲ್ಲಿ ‘ಮೇಧಾವಿ’ ಎಂದೇ ಹೆಸರು, ಇಟ್ಟವನೂ ಅವನೇ. ಹಳೆಯ ಡಾಸ್ ಪ್ರೋಗ್ರಾಂ ಅನ್ನು ಹೋದ ವಾರವಷ್ಟೇ ಪ್ರೊಸೆಸರಿನ ಹೊಸ ನಡಿಗೆಯಾದ ಪ್ರೊಟೆಕ್ಟೆಡ್, ಅಂದರೆ ಸುರಕ್ಷಿತ, ಮೋಡ್‌ಗೆ ಏರಿಸಿದ್ದ. ಏರಿಸಿದ ಮೇಲೆ ಅಲ್ಲಿ ನಿಜಕ್ಕೂ ಪ್ರೊಟೆಕ್ಟೆಡ್ ಆಗಿ ಉಳಿದದ್ದು ಅವನೊಬ್ಬನೇ.

ಅವಳು ಅಳಲಿಲ್ಲ. ಆಫೀಸಿನ ಕಂಪ್ಯೂಟರುಗಳ ರಿಪೇರಿ ನೋಡುತ್ತಿದ್ದ ತನ್ನ ದೊಡ್ಡಮ್ಮನಿಗೆ ಫೋನು ಮಾಡಿದಳು. ಕಂಪ್ಯೂಟರನ್ನು ಯಾರೂ ಆರಿಸಕೂಡದು, ಆರಿಸಿದರೆ ಅದರ ಮೆಮೊರಿ ಅಳಿಸಿಹೋಗುತ್ತದೆ ಎಂದಿತು ಆ ಕಡೆಯ ದನಿ.

ಬಂದ ದೊಡ್ಡಮ್ಮ ಮೊದಲು ಹಿಡಿದದ್ದು ಇವಳನ್ನೇ.

“ತೂಕಡಿಸಿದ್ಯಾ?”

“ಇಲ್ಲ ದೊಡ್ಡಮ್ಮ.”

“ಎದ್ದು ಹೋಗಿದ್ಯಾ?”

“ಇಲ್ಲ. ಪರದೆ ತುಂಬ ಲಸಿಕೆ ಪೆಟ್ಟಿಗೆಗಳ ಪಟ್ಟಿ, ಅಷ್ಟೇ.”

ಪಟ್ಟಿ ಬಂದಿದೆ, ಎಚ್ಚರಿಕೆ ಬಂದಿಲ್ಲ — ಯಾಕೆ ಎಂದರು ದೊಡ್ಡಮ್ಮ. ಮೇಧಾವಿ ಆಕಳಿಸಿ ವಿವರಿಸಿದ. ಪಟ್ಟಿಯನ್ನು ಕಂಪ್ಯೂಟರಿನ ಮೂಲ ತಂತ್ರಾಂಶ ಡಾಸ್ ತನ್ನ ಆಮೆನಡಿಗೆಯಲ್ಲಿ ತೋರಿಸುತ್ತದಂತೆ. ಎಚ್ಚರಿಕೆಗೆ ವೇಗ ಬೇಕು. ಅದನ್ನು ತಾನು ನೇರವಾಗಿ ಪರದೆಯ ಮೆಮೊರಿಗೇ ಬರೆಯುತ್ತಾನಂತೆ. ಅಲ್ಲೇ ನಿಂತಿದ್ದ ಮ್ಯಾನೇಜರ್ ಮಾವನ ಮುಖ ಅರಳಿತು.

“ಯಾವ ವಿಳಾಸಕ್ಕೆ ಬರೀತೀರಿ?” ದೊಡ್ಡಮ್ಮ ಕೇಳಿದರು.

“ಬಿ-ಎಂಟು-ಸೊನ್ನೆ-ಸೊನ್ನೆ. ಹಳೇದ್ರಲ್ಲೂ ಅದೇ ಇತ್ತು.”

“ಎಷ್ಟು ಸೊನ್ನೆ?”

“ಎರಡು. ಎಣಿಸೋಕೆ ಬರಲ್ವಾ?”

“ಬರುತ್ತೆ. ಎಚ್ಚರಿಕೆ ಪರದೆಗೆ ಬರುತ್ತಾ ಅಂತ ಪರೀಕ್ಷೆ ಮಾಡಿ ನೋಡಿದ್ರಾ?”

“ತೋರಿಸಿದೆ ಅಂತ ದಾಖಲೇಲಿ ಇತ್ತಲ್ಲ?”

ದೊಡ್ಡಮ್ಮ ಮೆಮೊರಿಯಲ್ಲಿ ಅದೇ ವಿಳಾಸವನ್ನು ತೆರೆದರು. ಎಚ್ಚರಿಕೆ ಅಲ್ಲಿ ತಣ್ಣಗೆ ಮಲಗಿತ್ತು! ಒಂದೊಂದು ಅಕ್ಷರದ ಪಕ್ಕಕ್ಕೂ ಒಂದೇ ಸಂಖ್ಯೆ — ಕೆಂಪು ಬಣ್ಣದ ಸಂಖ್ಯೆ.

“ಅಕ್ಷರ, ಬಣ್ಣ, ಅಕ್ಷರ, ಬಣ್ಣ — ಪರದೆಗೆ ಬರೆಯೋರು ಮಾತ್ರ ಹೀಗೆ ಬರೀತಾರೆ,” ಎಂದರು. “ಹಳೇ ಮೋಡ್‌ನಲ್ಲಿ ವಿಳಾಸದ ಕೊನೇಲಿ ಪ್ರೊಸೆಸರ್ರೇ ಇನ್ನೊಂದು ಸೊನ್ನೆ ಸೇರಿಸ್ಕೊಳ್ತಿತ್ತು. ನಿಮ್ಮ ಹೊಸ ಮೋಡ್‌ನಲ್ಲಿ ಸೇರಿಸಲ್ಲ, ಬರೆಯೋನೇ ಹಾಕ್ಬೇಕು. ಪರದೆ ಇರೋದು ಮೂರು ಸೊನ್ನೆ ಮನೇಲಿ. ನೀವು ಕೆಂಪು ಬಳಿದಿದ್ದು ಎರಡು ಸೊನ್ನೆ ಮನೇಲಿ. ಅಲ್ಲಿ ಯಾರೂ ಇಣುಕಲ್ಲ.”

ಮಾವ ದಾಖಲೆಯತ್ತ ಬೆರಳು ತೋರಿಸಿದರು.

“ಅದನ್ನ ಬರೆದಿದ್ದೂ ಇವರ ಪ್ರೋಗ್ರಾಮೇ ಸಾರ್. ಬರೆದೆ ಅಂತ ತಾನೇ ಬರ್ಕೊಂಡಿದೆ. ಇವಳ ಮುಂದೆ ಏನೂ ಬಂದೇ ಇಲ್ಲ. ಲಸಿಕೆ ಕೆಡಿಸಿದ್ದು ನಿಮ್ಮ ಅಳಿಯಂದ್ರು. ಮೂರನೇ ಸೊನ್ನೇನ ಕೋಡ್‌ನಲ್ಲಿ ಹಾಕೋದು ಬಿಟ್ಟು, ತಾವೇ ಸೊನ್ನೆಯಾಗಿ ಕುರ್ಚೀಲಿ ಕೂತಿದ್ರು.”

ಮೇಧಾವಿ ತನ್ನ ಚಪ್ಪಲಿಯನ್ನು ಬಹಳ ಹೊತ್ತು ಅಧ್ಯಯನ ಮಾಡಿದ. ಮ್ಯಾನೇಜರ್, ಪತ್ರ ಆಗಲೇ ಟೈಪ್ ಆಗಿಹೋಯಿತೇನೋ ಎಂದು ಗೊಣಗಿದರು.

“ಆಗಿದೆ ಸಾರ್,” ಎಂದಳು ಆಪರೇಟರ್, ಕೀಲಿಮಣೆ ಹತ್ತಿರಕ್ಕೆ ಎಳೆದುಕೊಂಡು. “ಹೆಸರೊಂದು ಬದಲಾಯಿಸಿದ್ರೆ ಸಾಕು. ಅಳಿಯಂದ್ರ ಹೆಸರಿನ ಸ್ಪೆಲ್ಲಿಂಗ್ ಹೇಳಿ.”