ಆಮೆ ಎಂಬ ಆಟಗಾರ

"ಆ ಆಮೆ ನೀವೇ ಅಲ್ವಾ ಸರ್?"

ಕಂಪ್ಯೂಟರ್ ಕೋಣೆಯ ಬಾಗಿಲು ಧಡಾರನೆ ಗೋಡೆಗೆ ಬಡಿಯಿತು. ಗಣಿತದ ಟೀಚರ್‌ಗೆ ಸಿಟ್ಟು ಬಂದರೆ ಎದುರು ನಿಲ್ಲಬಾರದು ಎಂಬುದು ಇಡೀ ಶಾಲೆಗೆ ಗೊತ್ತು. ಆದರೆ ಇವತ್ತಿನ ಸಿಟ್ಟೇ ಬೇರೆ. 

ಕಂಪ್ಯೂಟರ್ ಕಲಿಸುವವನು ಬೆಚ್ಚಿ ತಲೆಯೆತ್ತಿದ. ಅವನ ಪರದೆಯ ಮೇಲೆ ಅವಳದೇ ಆಟ! ಕಳ್ಳ ಸಿಕ್ಕಿಬಿದ್ದಿದ್ದ.

ಭಿನ್ನರಾಶಿ ಎಂದರೆ ಮುಖ ಸಿಂಡರಿಸುವ ಮಕ್ಕಳಿಗಾಗಿ ಅವಳು ರಜೆಯೆಲ್ಲ ಕೂತು ಮಾಡಿದ ಆಟ ಅದು. ಮಕ್ಕಳು ಅಡ್ಡಹೆಸರಿಟ್ಟುಕೊಂಡು ಟ್ಯಾಬ್‌ನಲ್ಲಿ ಉತ್ತರ ಒತ್ತಬೇಕು. ಯಾರು ಮುಂದೆ, ಯಾರು ಹಿಂದೆ ಎಂಬುದು ತರಗತಿಯ ದೊಡ್ಡ ಪರದೆಯ ಮೇಲೆ ಮೂಡುತ್ತದೆ. ಎಲ್ಲ ಚೆನ್ನಾಗಿಯೇ ಇತ್ತು, 'ಆಮೆ' ಎಂಬ ಆಟಗಾರ ಬರುವ ತನಕ.

ಆಮೆ ಒತ್ತಿದ್ದೆಲ್ಲ ತಪ್ಪು. ತರಗತಿಯ ಸರಾಸರಿ ಇಳಿಯುತ್ತಲೇ ಇತ್ತು. ಹೀಗೇ ಆದರೆ ಟ್ಯಾಬ್‌ಗಳನ್ನು ಬೀರುವಿಗೆ ತುಂಬಿ ಬೀಗ ಹಾಕುತ್ತೇನೆ, ನಾಳೆ ನಾನೇ ಬಂದು ನೋಡುತ್ತೇನೆ ಎಂದು ಹೆಡ್ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು.

ಹಿಂದಿನ ಬೆಂಚಿನವರ ಕಿತಾಪತಿ ಎಂದುಕೊಂಡು ಅವರಿಗೆ ಬಾಯಿಗೆ ಬಂದಂತೆ ಬೈದಿದ್ದಳು, ಪಾಪ. ಇಂದು ತಲೆ ಎಣಿಸಿದಾಗ ತಿಳಿಯಿತು, ಪರದೆಯ ಮೇಲೆ ಒಬ್ಬ ಆಟಗಾರ ಹೆಚ್ಚು! ಹೊರಗೆ ಕೂತು ಆಟಕ್ಕೆ ನುಗ್ಗಬಲ್ಲವನು ಈ ಶಾಲೆಯಲ್ಲಿ ಇವನೊಬ್ಬನೇ.

ಕೆಟ್ಟ ಟ್ಯಾಬ್‌ಗಳನ್ನು ಅವಳ ಪಕ್ಕ ಕೂತು ಸರಿಮಾಡಿಕೊಟ್ಟವನು. ಯಾರ ಜೊತೆ ಚಹಾ ಕುಡಿಯಲೆಂದೇ ಅವಳು ಬಿಡುವಿನ ಪೀರಿಯಡ್‌ಗೆ ಕಾಯುತ್ತಿದ್ದಳೋ, ಅವನೇ...

"ನನ್ನ ಆಟ ನಿಮಗೆ ತಮಾಷೆ ಆಯ್ತಾ? ನಾಳೆ ಬೀಗ ಹಾಕ್ತಾರೆ. ಖುಷಿನಾ ಈಗ?"

"ಕೊನೇಲಿ ಯಾರಾದ್ರೂ ಇರ್ಲೇಬೇಕಲ್ಲ ಮೇಡಂ. ಅದಕ್ಕೆ ನಾನಿದ್ದೆ."

ಅವಳ ಪಿತ್ತ ನೆತ್ತಿಗೇರಿತು. ಮಾಡಿದ್ದೂ ಅಲ್ಲದೆ ಒಗಟು ಬೇರೆ!

ಆಗ ಅವನು ಬಿಡಿಸಿ ಹೇಳಿದ. ಗಣಿತದ ಪೀರಿಯಡ್ ಬಂತೆಂದರೆ ಹೊಟ್ಟೆನೋವು ಎಂದು ಹೊರಗೆ ಹೋಗುತ್ತಿದ್ದ ಹುಡುಗಿಯೊಬ್ಬಳು ಇದೇ ಕೋಣೆಗೆ ಬಂದು ಅಳುತ್ತಿದ್ದಳಂತೆ. ಅವಳ ಅಡ್ಡಹೆಸರು ಎಲ್ಲ ಮಕ್ಕಳಿಗೂ ಗೊತ್ತು; ಪ್ರತಿ ಸಲವೂ ಕೊನೆಗೆ ಅದೇ ಹೆಸರು, ಎಲ್ಲರೂ ನಗುವುದು ಅವಳನ್ನು ನೋಡಿಯೇ. ಆಮೆ ಬಂದ ಮೇಲೆ ಅವಳು ಕೊನೆಯವಳಾಗಿರಲಿಲ್ಲ.

ಹೌದಲ್ಲ... ಈಚೆಗೆ ಆ ಹುಡುಗಿ ಹೊಟ್ಟೆನೋವು ಎಂದೇ ಇರಲಿಲ್ಲ. ನನ್ನ ಕಣ್ಣಿಗೇನಾಗಿತ್ತು? ಸಿಟ್ಟು ತನ್ನ ಮೇಲೆಯೇ ತಿರುಗಿತು. ಹಾಗಂತ ಅವನ ಮೇಲಿನದು ಕರಗಲಿಲ್ಲ.

"ನಂಗೆ ಹೇಳ್ಬಹುದಿತ್ತಲ್ಲ? ನಾನೇನು ರಾಕ್ಷಸಿನಾ?"

"ನಿಮಗೆ ಮಾತ್ರ ಹೇಳ್ಬೇಡಿ ಅಂತ ಆಣೆ ಹಾಕಿಸಿಕೊಂಡಿದ್ಲು. ನಿಮ್ಮೆದುರು ದಡ್ಡಿ ಅನ್ನಿಸ್ಕೋಬಾರ್ದಂತೆ, ನೀವಂದ್ರೆ ಅವಳಿಗೆ ಅಷ್ಟು ಇಷ್ಟ."

ಅವಳು ಬಾಗಿಲನ್ನು ಮತ್ತೊಮ್ಮೆ ಬಡಿದು ಹೊರಟುಹೋದಳು.

ಸಂಜೆ ಮನೆಯಲ್ಲಿ ಅಮ್ಮನ ಮೇಲೂ ರೇಗಿದಳು. ಆಮೇಲೆ ಕೂತು, ಮಕ್ಕಳನ್ನು ಹಿಂದೆ ಮುಂದೆ ನಿಲ್ಲಿಸುತ್ತಿದ್ದ ಆ ಪಟ್ಟಿಯನ್ನು ಆಟದಿಂದ ಕಿತ್ತುಹಾಕಿದಳು. ಇನ್ನು ಇಬ್ಬಿಬ್ಬರ ಜೋಡಿ. ಇಬ್ಬರೂ ಮಾತಾಡಿ, ಒಪ್ಪಿ, ಒಂದೇ ಉತ್ತರ ಒತ್ತಿದರೆ ಮಾತ್ರ ಆಟ ಮುಂದೆ ಹೋಗುತ್ತದೆ.

ಮರುದಿನ ಹೆಡ್ ಮೇಡಂ ಹಿಂದೆ ಬಂದು ಕೂತರು. ತರಗತಿ ಸಂತೆಯಾಗಿತ್ತು. ಹೊಟ್ಟೆನೋವಿನ ಹುಡುಗಿ ಜೊತೆಗಾತಿಯ ತೋಳು ಹಿಡಿದು, "ಮೂರನೇ ಒಂದಕ್ಕಿಂತ ಅರ್ಧ ದೊಡ್ಡದು ಕಣೇ, ಕಾಗದ ಮಡಚಿ ನೋಡು," ಎಂದು ಜೋರಾಗಿ ವಾದಿಸುತ್ತಿದ್ದಳು. ಹೆಡ್ ಮೇಡಂ ಸರಾಸರಿ ಕೇಳಲೇ ಇಲ್ಲ. ಬೀರುವಿನ ಕೀಲಿಯನ್ನು ಮೇಜಿನ ಮೇಲಿಟ್ಟು, ಇದು ನಿಮ್ಮ ಹತ್ತಿರವೇ ಇರಲಿ ಎಂದು ಹೊರಟರು.

ಕೀಲಿ ಮುಷ್ಟಿಯಲ್ಲಿ ಹಿಡಿದು ಅವಳು ನೇರ ಕಂಪ್ಯೂಟರ್ ಕೋಣೆಗೆ ನಡೆದಳು. ಅವನ ಪರದೆಯ ಮೇಲೆ ಆಮೆ ಒಂಟಿಯಾಗಿ ಕೂತಿತ್ತು. ಕೆಳಗೆ 'ಜೊತೆಗಾರರಿಲ್ಲ' ಎಂಬ ಸಾಲು.

ಕುರ್ಚಿ ಎಳೆದು ಪಕ್ಕದಲ್ಲೇ ಕೂತಳು.

"ಸಿಟ್ಟು ಇನ್ನೂ ಹೋಗಿಲ್ಲ ನಂಗೆ."

"ಗೊತ್ತು."

"ಇನ್ಮೇಲೆ ನನ್ನಿಂದ ಏನನ್ನೂ ಮುಚ್ಚಿಡಬಾರದು."

ಅವನು ಪರದೆಯಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದ.

"ಹಾಗಾದ್ರೆ ಇದನ್ನೂ ಹೇಳ್ಬಿಡ್ತೀನಿ. ನೀವಂದ್ರೆ ಇಷ್ಟ ಇರೋದು ಆ ಹುಡುಗಿ ಒಬ್ಬಳಿಗೇ ಅಲ್ಲ."

ಅವಳ ಸಿಟ್ಟೆಲ್ಲ ಎಲ್ಲಿ ಹೋಯಿತೋ...

"ಬೇಕಂತಲೇ ತಪ್ಪು ಉತ್ತರ ಒತ್ತೋರನ್ನ ಹೇಗ್ರೀ ನಂಬೋದು?"

"ಇಬ್ಬರೂ ಒಂದೇ ಉತ್ತರ ಒತ್ತಿದ್ರೆ ತಾನೇ ಆಟ ಮುಂದೆ ಹೋಗೋದು? ನಾನು ಒತ್ತಿ ಆಯ್ತು. ನೀವು?"

ಅವಳು ಮೌಸ್ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು.